ಪೋಕರ್ ವೃತ್ತಿ: ಜೂಜು ಜೀವನೋಪಾಯವಾದ ಬಗೆ

೧

ಜೂಜಿನ ಪ್ರಸ್ತಾಪ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲನ್ನೇ ವಸ್ತುವಾಗಿ ಉಳ್ಳ ಒಂದು ಸೂಕ್ತವಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನ ಕರ್ತವ್ಯಗಳು ನಿರೂಪಿತವಾಗಿವೆ. ಆದರೆ ಇವುಗಳಲ್ಲಿ ಜೂಜು ಒಂದು ವ್ಯಸನವಾಗಿಯೋ ರಾಜ್ಯದ ಆದಾಯಮೂಲವಾಗಿಯೋ ಕಾಣಿಸಿಕೊಳ್ಳುತ್ತದೆಯೇ ಹೊರತು ಒಬ್ಬನ ಹೊಟ್ಟೆಪಾಡಾಗಿ ಅಲ್ಲ. ಆ ಬಗೆಯ ಮನುಷ್ಯನನ್ನು ನೋಡಬೇಕಾದರೆ ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕಕ್ಕೆ ಹೋಗಬೇಕು. ಅಲ್ಲಿಯ ಸಂವಾಹಕನು ಅಂಗಮರ್ದನದ ಕಸಬು ಕಲಿತವನು; ಒಡೆಯನು ಬಡವನಾದ ಮೇಲೆ ತಾನು ದ್ಯೂತೋಪಜೀವಿಯಾದೆನೆಂದು ಹೇಳಿಕೊಳ್ಳುತ್ತಾನೆ. ಹತ್ತು ಸುವರ್ಣಗಳ ಬಾಕಿಯನ್ನು ತೀರಿಸಲಾರದೆ ಜೂಜುಕಟ್ಟೆಯ ಯಜಮಾನನಿಂದ ತಪ್ಪಿಸಿಕೊಂಡು ಓಡಿಬರುವ ಅವನು ಕೊನೆಗೆ ಭಿಕ್ಷುವಾಗುತ್ತಾನೆ.

ದ್ಯೂತೋಪಜೀವಿ ಎಂಬ ಈ ಶಬ್ದವನ್ನು ನಮ್ಮ ಕಾಲದಲ್ಲಿ ಯಾವ ಸಂಕೋಚವೂ ಇಲ್ಲದೆ ತಮಗೆ ಅನ್ವಯಿಸಿಕೊಳ್ಳಬಲ್ಲ ಒಂದು ವರ್ಗ ಅಮೆರಿಕದಲ್ಲಿ ಬೆಳೆದುಬಂದಿದೆ. ಪೋಕರ್ ಎಂಬ ಇಸ್ಪೀಟಿನ ಆಟವನ್ನೇ ಕಸಬಾಗಿ ಮಾಡಿಕೊಂಡವರ ವರ್ಗ ಅದು. ಇವರು ಲೆಕ್ಕ ಇಡುತ್ತಾರೆ, ತೆರಿಗೆ ಸಲ್ಲಿಸುತ್ತಾರೆ, ತಮ್ಮ ಶಾಸ್ತ್ರಕ್ಕೆ ಗ್ರಂಥಗಳನ್ನು ಬರೆಯುತ್ತಾರೆ. ಇನ್ನೂರು ವರ್ಷಗಳ ಹಿಂದೆ ಮೋಸಗಾರರ ಕಸಬೆಂದು ಜನ ಹಿಡಿದು ಗಲ್ಲಿಗೇರಿಸಿದ ಒಂದು ಉದ್ಯೋಗ, ನ್ಯಾಯಾಲಯಗಳು ವೃತ್ತಿಯೆಂದು ಒಪ್ಪುವ ಮಟ್ಟಕ್ಕೆ ಬಂದುದು ಹೇಗೆ? ಆ ವೃತ್ತಿಯಲ್ಲಿ ಸಂಪಾದನೆ ನಿಜವಾಗಿ ಎಲ್ಲಿಂದ ಬರುತ್ತದೆ? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿವೇಚಿಸಹೊರಟಿದ್ದೇವೆ. ೨೦೨೧ರಿಂದ ಈಚೆಗೆ ಕರ್ನಾಟಕದ ವಿಧಾನಮಂಡಲವೂ ಉಚ್ಚ ನ್ಯಾಯಾಲಯವೂ ಕೊನೆಗೆ ಸಂಸತ್ತೂ ಇದೇ ವಿಷಯವನ್ನು ಎತ್ತಿಕೊಂಡಿರುವುದರಿಂದ ಈ ವಿವೇಚನೆ ದೂರದೇಶದ ಕುತೂಹಲ ಮಾತ್ರವಾಗಿ ಉಳಿದಿಲ್ಲ.

೨

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಅಗತ್ಯ. ಪೋಕರಿನಲ್ಲಿ ಐದು ಎಲೆಗಳ ಕೂಟವೇ ಬಲಾಬಲದ ಅಳತೆ. ಐವತ್ತೆರಡು ಎಲೆಗಳಲ್ಲಿ ಐದನ್ನು ೨೫,೯೮,೯೬೦ ಬಗೆಯಾಗಿ ಆರಿಸಬಹುದು. ಯಾವ ಕೂಟ ಎಷ್ಟು ಅಪರೂಪವೋ ಅದಕ್ಕೆ ಅಷ್ಟು ಹೆಚ್ಚಿನ ಬೆಲೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಮುಚ್ಚಿ ಕೊಡುತ್ತಾರೆ. ಐದು ಎಲೆಗಳನ್ನು ಎಲ್ಲರಿಗೂ ಸಮಾನವಾಗಿ ನಡುವೆ ತೆರೆದಿಡುತ್ತಾರೆ: ಮೊದಲು ಮೂರು, ಬಳಿಕ ಒಂದು, ಮತ್ತೆ ಒಂದು. ಈ ಏಳರಲ್ಲಿ ಉತ್ತಮವಾದ ಐದು ಅವನ ಕೂಟ. ನಡುವಣ ಎಲೆ ಬೀಳುವ ಮುನ್ನ ಒಮ್ಮೆ, ಪ್ರತಿ ಹಂತವಾದ ಮೇಲೆ ಒಮ್ಮೆ, ಹೀಗೆ ನಾಲ್ಕು ಸಲ ಪಣ ಕಟ್ಟಲು ಅವಕಾಶವುಂಟು.

ಈ ಆಟ ಇತರ ಜೂಜುಗಳಿಂದ ಬೇರೆಯಾಗುವುದು ಎರಡು ಕಾರಣಗಳಿಂದ. ಒಂದನೆಯದಾಗಿ, ಆಟಗಾರನು ಅಡ್ಡೆಯ ವಿರುದ್ಧ ಆಡುವುದಿಲ್ಲ. ಎದುರು ಕುಳಿತ ಇತರ ಆಟಗಾರರ ವಿರುದ್ಧ ಆಡುತ್ತಾನೆ. ತಿರುಗುವ ಚಕ್ರದ ಆಟದಲ್ಲಾಗಲಿ ನಮ್ಮ ಅಂದರ್-ಬಾಹರಿನಲ್ಲಾಗಲಿ ಎಲೆ ಬೀಳುವುದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಇಲ್ಲಿಯಾದರೆ ಎದುರಾಳಿಯ ತಪ್ಪು ನಮ್ಮ ಲಾಭವಾಗುತ್ತದೆ. ಎರಡನೆಯದಾಗಿ, ಎಲೆಗಳನ್ನು ತೋರಿಸದೆಯೇ ಗೆಲ್ಲಬಹುದು. ದೊಡ್ಡ ಪಣ ಕಟ್ಟಿದವನ ಮುಂದೆ ಉಳಿದವರೆಲ್ಲರೂ ಎಲೆ ಕೆಳಗಿಟ್ಟರೆ ಅವನ ಕೈಯಲ್ಲಿ ಏನೂ ಇಲ್ಲದಿದ್ದರೂ ಹಣ ಅವನದೇ. ಆದುದರಿಂದ ಒಳ್ಳೆಯ ಎಲೆ ಬರುವುದು ಅದೃಷ್ಟವಾದರೂ ಅದರಿಂದ ಎಷ್ಟು ಗಳಿಸಬೇಕು, ಕೆಟ್ಟ ಎಲೆಯಿಂದ ಎಷ್ಟು ಕಡಮೆ ಕಳೆಯಬೇಕು ಎಂಬುದು ನಿರ್ಣಯಶಕ್ತಿಗೆ ಸೇರಿದ್ದು. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್‌ನೊಡನೆ ೧೯೪೪ರಲ್ಲಿ ಪ್ರಕಟಿಸಿದ ಕ್ರೀಡಾಸಿದ್ಧಾಂತದ ಮಹಾಗ್ರಂಥದಲ್ಲಿ ಪೋಕರಿಗೆ ವಿಸ್ತಾರವಾದ ಸ್ಥಾನ ಕೊಟ್ಟುದೂ ಈ ಕಾರಣದಿಂದಲೇ.

೩

ಪೋಕರ್ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮಿಸಿಸಿಪಿ ನದಿಯ ಕೆಳಗಣ ಪ್ರದೇಶದಲ್ಲಿ, ಫ್ರೆಂಚರ ಪ್ರಭಾವವಿದ್ದ ನ್ಯೂ ಆರ್ಲಿಯನ್ಸಿನ ಆಸುಪಾಸಿನಲ್ಲಿ, ರೂಪುಗೊಂಡಿತು. ಮೊದಲು ಇಪ್ಪತ್ತೇ ಎಲೆಗಳಿಂದ ನಾಲ್ವರು ಆಡುತ್ತಿದ್ದರು. ಆ ನದಿಯಲ್ಲಿ ಮೊದಲ ಉಗಿಹಡಗು ಸಂಚರಿಸಿದುದು ೧೮೧೧ರಲ್ಲಿ. ಆಮೇಲಿನ ದಶಕಗಳಲ್ಲಿ ಹಡಗುಗಳು ಹೆಚ್ಚಿದಂತೆ ಆಟವೂ ಅವುಗಳೊಡನೆ ಮೇಲಕ್ಕೆ ಹರಡಿತು. ೧೮೨೯ರಲ್ಲಿ ಒಂದು ಉಗಿಹಡಗಿನ ಮೇಲೆ ಈ ಆಟವನ್ನು ಕಂಡುದಾಗಿ ಜೋಸೆಫ್ ಕೋವೆಲ್ ಎಂಬ ಇಂಗ್ಲಿಷ್ ನಟನು ೧೮೪೪ರಲ್ಲಿ ಪ್ರಕಟವಾದ ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾನೆ.

ಹತ್ತಿಯನ್ನು ಮಾರಿ ನಗದು ಹಣದೊಡನೆ ಹಿಂದಿರುಗುವ ತೋಟದ ಒಡೆಯರು, ದಿನಗಟ್ಟಲೆ ಸಾಗುವ ಪ್ರಯಾಣ, ಮತ್ತೆಂದೂ ಭೇಟಿಯಾಗದ ಸಹಪ್ರಯಾಣಿಕರು—ಈ ಮೂರೂ ಕೂಡಿದ ಕಡೆ ಕಸಬಿನ ಜೂಜುಗಾರನು ಹುಟ್ಟಿಕೊಂಡುದು ಆಶ್ಚರ್ಯವಲ್ಲ. ಆದರೆ ಅವನ ಆದಾಯದ ಮೂಲ ಕೌಶಲವಾಗಿರಲಿಲ್ಲ, ವಂಚನೆಯಾಗಿತ್ತು. ಗುರುತು ಮಾಡಿದ ಎಲೆ, ಜೋಡಿಸಿಟ್ಟ ಕಟ್ಟು, ಪರಿಚಯವಿಲ್ಲದಂತೆ ನಟಿಸುವ ಜೊತೆಗಾರ: ಇವು ಅವನ ಉಪಕರಣಗಳು. ತಾನೇ ಜೂಜುಗಾರನಾಗಿದ್ದು ಬಳಿಕ ಅದನ್ನು ತೊರೆದ ಜಾನಥನ್ ಗ್ರೀನ್ ಎಂಬವನು ೧೮೪೩ರಲ್ಲಿ ಈ ತಂತ್ರಗಳನ್ನು ಬಯಲಿಗೆಳೆದು ಪುಸ್ತಕ ಬರೆದನು. ನಲವತ್ತು ವರ್ಷ ನದಿಯ ಮೇಲೆ ಜೂಜಾಡಿದ ಜಾರ್ಜ್ ಡಿವೋಲ್ ತನ್ನ ಆತ್ಮಕಥೆಯನ್ನು ೧೮೮೭ರಲ್ಲಿ ಪ್ರಕಟಿಸಿ ಅದೇ ತಂತ್ರಗಳನ್ನು ಹೆಮ್ಮೆಯಿಂದ ವರ್ಣಿಸಿದನು.

ಊರಿನ ಜನ ಇವರನ್ನು ಹೇಗೆ ಕಂಡರೆಂಬುದಕ್ಕೆ ೧೮೩೫ರ ಜುಲೈ ತಿಂಗಳಲ್ಲಿ ವಿಕ್ಸ್‌ಬರ್ಗಿನಲ್ಲಿ ನಡೆದುದೇ ಸಾಕ್ಷಿ. ಜೂಜುಗಾರರು ಊರು ಬಿಡಬೇಕೆಂದು ನಾಗರಿಕರು ಗಡುವು ವಿಧಿಸಿದರು. ಬಿಡದಿದ್ದವರ ಮನೆಗೆ ನುಗ್ಗುವಾಗ ಗುಂಡೇಟಿನಿಂದ ಒಬ್ಬ ವೈದ್ಯನು ಸತ್ತನು. ಕೂಡಲೆ ಐವರು ಜೂಜುಗಾರರನ್ನು ಯಾವ ವಿಚಾರಣೆಯೂ ಇಲ್ಲದೆ ನೇಣುಹಾಕಲಾಯಿತು. ೧೮೬೧–೬೫ರ ಅಂತರ್ಯುದ್ಧವೂ ರೈಲುದಾರಿಗಳ ಬೆಳವಣಿಗೆಯೂ ಹಡಗಿನ ಯುಗವನ್ನು ಮುಗಿಸಿದುವು. ಈ ಮೊದಲ ಘಟ್ಟದಿಂದ ನಾವು ಕಾಣಬೇಕಾದ ಅಂಶ ಇಷ್ಟು: ಆಟ ನ್ಯಾಯವಾಗಿ ನಡೆಯುವುದೆಂಬ ಭರವಸೆಯಿಲ್ಲದ ಕಡೆ ಜೂಜುಗಾರನಿರಬಹುದು, ವೃತ್ತಿ ಇರಲಾರದು.

೪

ಎರಡನೆಯ ಘಟ್ಟ ಇಪ್ಪತ್ತನೆಯ ಶತಮಾನದ ಟೆಕ್ಸಾಸಿನದು. ಹೋಲ್ಡೆಮ್ ಎಂಬ ಬಗೆ ಅಲ್ಲಿಯ ರಾಬ್ಸ್‌ಟೌನ್ ಎಂಬ ಊರಿನಲ್ಲಿ ಹುಟ್ಟಿತೆಂದು ಆ ರಾಜ್ಯದ ಶಾಸನಸಭೆ ೨೦೦೭ರಲ್ಲಿ ಅಂಗೀಕರಿಸಿದೆ. ಟೆಕ್ಸಾಸಿನಲ್ಲಿ ಜೂಜು ಕಾನೂನಿಗೆ ವಿರುದ್ಧವಾದುದರಿಂದ ಆಟಗಳು ಅಂಗಡಿಗಳ ಹಿಂಗೋಣೆಗಳಲ್ಲಿ ನಡೆಯುತ್ತಿದ್ದುವು. ಊರಿಂದೂರಿಗೆ ಕಾರಿನಲ್ಲಿ ಸುತ್ತುತ್ತ ಆಡುವ ಒಂದು ಸಣ್ಣ ಪಂಗಡ ಆಗ ತಲೆಯೆತ್ತಿತು. ಅವರಲ್ಲಿ ಡಾಯ್ಲ್ ಬ್ರನ್ಸನ್, ಅಮರಿಲೊ ಸ್ಲಿಮ್ ಎಂದು ಹೆಸರಾದ ಥಾಮಸ್ ಪ್ರೆಸ್ಟನ್, ಸೈಲರ್ ರಾಬರ್ಟ್ಸ್ ಎಂಬ ಮೂವರು ಒಂದೇ ಚೀಲದ ಹಣದಿಂದ ವರ್ಷಗಟ್ಟಲೆ ಜೊತೆಯಾಗಿ ಆಡಿದರು.

ಬ್ರನ್ಸನ್ನನ ಜೀವನವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ೧೯೩೩ರಲ್ಲಿ ಹುಟ್ಟಿದ ಆತನು ಬ್ಯಾಸ್ಕೆಟ್‌ಬಾಲಿನ ವೃತ್ತಿಪರ ಆಟಗಾರನಾಗಬೇಕೆಂದಿದ್ದನು. ಕಾರ್ಖಾನೆಯೊಂದರಲ್ಲಿ ಕಾಲು ಮುರಿದು ಆ ದಾರಿ ಮುಚ್ಚಿತು. ಹಾರ್ಡಿನ್–ಸಿಮನ್ಸ್ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿ ಪಡೆದನು. ಕಛೇರಿಯ ಯಂತ್ರಗಳನ್ನು ಮಾರುವ ಕೆಲಸಕ್ಕೆ ಸೇರಿದ ಮೇಲೆ, ಒಂದು ಪೋಕರ್ ಆಟದಲ್ಲಿ ಕೆಲವು ಗಂಟೆಗಳಲ್ಲಿ ಗೆದ್ದ ಹಣ ತಿಂಗಳ ಸಂಬಳವನ್ನು ಮೀರಿತೆಂದು ಆತನೇ ಹೇಳಿದ್ದಾನೆ. ಹೀಗೆ ಹಡಗಿನ ಜೂಜುಗಾರನಿಗೂ ಇವನಿಗೂ ಒಂದು ಮುಖ್ಯ ಭೇದವಿದೆ: ಇವನಿಗೆ ಬೇರೆ ಉದ್ಯೋಗದ ಅರ್ಹತೆಯಿತ್ತು, ಸಂಬಳದೊಡನೆ ತೂಗಿನೋಡಿ ಇದನ್ನು ಆರಿಸಿಕೊಂಡನು. ಆದರೆ ಆ ದಿನಗಳಲ್ಲಿ ಗೆಲ್ಲುವುದು ಕೆಲಸದ ಅರ್ಧ ಮಾತ್ರ. ಆಟ ಎಲ್ಲಿದೆಯೆಂದು ಹುಡುಕಬೇಕು. ಮೋಸದ ಎಲೆಗಳನ್ನು ಗುರುತಿಸಬೇಕು. ಪೋಲೀಸರ ಕೈಗೆ ಸಿಕ್ಕದೆ, ದರೋಡೆಕೋರರ ಬಂದೂಕಿಗೆ ಗುರಿಯಾಗದೆ ಹಣವನ್ನು ಮನೆಗೆ ತರಬೇಕು.

ಈ ಅಪಾಯಗಳನ್ನು ಬಹುಮಟ್ಟಿಗೆ ನಿವಾರಿಸಿದುದು ನೆವಾಡ ರಾಜ್ಯ. ಅಲ್ಲಿ ೧೯೩೧ರಲ್ಲಿಯೇ ಜೂಜು ಶಾಸನಸಮ್ಮತವಾಯಿತು. ಬೆನ್ನಿ ಬಿನಿಯನ್ ಎಂಬ ಟೆಕ್ಸಾಸಿನವನು ೧೯೫೧ರಲ್ಲಿ ಲಾಸ್ ವೇಗಾಸಿನಲ್ಲಿ ಹಾರ್ಸ್‌ಶೂ ಎಂಬ ಕ್ಯಾಸಿನೊವನ್ನು ತೆರೆದನು. ೧೯೭೦ರಲ್ಲಿ ಅಲ್ಲಿ ಪೋಕರಿನ ವಿಶ್ವಸರಣಿ ಆರಂಭವಾಯಿತು. ಮೊದಲ ವರ್ಷ ಆಟಗಾರರೇ ಮತ ಕೊಟ್ಟು ಜಾನಿ ಮಾಸ್ ಎಂಬ ಹಿರಿಯನನ್ನು ಆರಿಸಿದರು. ಮರುವರ್ಷದಿಂದ ಒಬ್ಬನೇ ಉಳಿಯುವವರೆಗೆ ಆಡುವ ಪದ್ಧತಿ ಬಂದಿತು. ೧೯೭೨ರಲ್ಲಿ ಪ್ರೆಸ್ಟನ್, ೧೯೭೫ರಲ್ಲಿ ರಾಬರ್ಟ್ಸ್, ೧೯೭೬ ಮತ್ತು ೧೯೭೭ರಲ್ಲಿ ಬ್ರನ್ಸನ್ ಗೆದ್ದರು. ಹಿಂಗೋಣೆಗಳಲ್ಲಿ ಅಡಗಿ ಆಡುತ್ತಿದ್ದ ಮೂವರೂ ಹೀಗೆ ಬಹಿರಂಗದ ಸಭೆಯಲ್ಲಿ ಗೌರವ ಪಡೆದರು. ಕ್ಯಾಸಿನೊ ಎಲೆ ಹಂಚುವವನನ್ನು ತಾನೇ ನೇಮಿಸಿತು, ಹಣಕ್ಕೆ ಕಾವಲು ಕೊಟ್ಟಿತು, ಮೋಸಮಾಡಿದವನನ್ನು ಹೊರಗಟ್ಟಿತು. ಅದಕ್ಕೆ ಪ್ರತಿಯಾಗಿ ತನ್ನ ಪಾಲನ್ನು ತೆಗೆದುಕೊಂಡಿತು. ದ್ಯೂತಕ್ಕೆ ಒಂದೇ ಸ್ಥಳವನ್ನು ನಿಯಮಿಸಿ, ದಾಳಗಳನ್ನು ಅಧಿಕಾರಿಯೇ ಒದಗಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದ ಕೌಟಿಲ್ಯನ ವ್ಯವಸ್ಥೆಗೂ ಇದಕ್ಕೂ ಇರುವ ಸಾಮ್ಯ ಗಮನಾರ್ಹವಾಗಿದೆ.

೫

ಈಗ ಸಂಪಾದನೆಯ ಲೆಕ್ಕಕ್ಕೆ ಬರೋಣ. ಅಡ್ಡೆಯ ಪಾಲಿಗೆ ಅಮೆರಿಕನರು ರೇಕ್ ಎನ್ನುತ್ತಾರೆ. ಹತ್ತು ಜನ ಕುಳಿತ ಮೇಜಿನಲ್ಲಿ ಗಂಟೆಗೆ ಮೂವತ್ತು ಆಟಗಳು ನಡೆಯುತ್ತವೆಂದೂ ಪ್ರತಿ ಆಟದಲ್ಲಿ ಸರಾಸರಿ ನಾಲ್ಕು ಡಾಲರು ಅಡ್ಡೆಗೆ ಸಲ್ಲುತ್ತದೆಂದೂ ಇಟ್ಟುಕೊಳ್ಳೋಣ. ಗಂಟೆಗೆ ೧೨೦ ಡಾಲರು ಮೇಜಿನಿಂದ ಹೊರಗೆ ಹೋಯಿತು. ಹತ್ತು ಜನರೂ ಸಮಾನ ಕುಶಲರಾದರೆ ಕಾಲಕ್ರಮದಲ್ಲಿ ಪ್ರತಿಯೊಬ್ಬನೂ ಗಂಟೆಗೆ ಹನ್ನೆರಡು ಡಾಲರು ಸೋಲುತ್ತಾನೆ. ಅವರಲ್ಲಿ ಒಬ್ಬನು ಗಂಟೆಗೆ ಇಪ್ಪತ್ತು ಡಾಲರು ಗಳಿಸಬೇಕಾದರೆ ಉಳಿದ ಒಂಬತ್ತು ಜನ ಒಟ್ಟಿಗೆ ೧೪೦ ಡಾಲರು ಕಳೆಯಬೇಕು. ಆದುದರಿಂದ ಕಸಬಿನವನು ಮೊದಲು ಕಲಿಯುವ ಪಾಠ ಒಳ್ಳೆಯ ಎಲೆಯನ್ನು ಆರಿಸುವುದಲ್ಲ, ಒಳ್ಳೆಯ ಮೇಜನ್ನು ಆರಿಸುವುದು. ತನಗಿಂತ ಎಂಟು ಮಂದಿ ನಿಪುಣರಿರುವ ಮೇಜಿನಲ್ಲಿ ಒಂಬತ್ತನೆಯ ನಿಪುಣನಿಗೆ ಅನ್ನವಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಏರಿಳಿತದ ಪ್ರಶ್ನೆ. ಕೈಗೆ ಬರುವ ಎರಡು ಎಲೆಗಳಲ್ಲಿ ಅತ್ಯುತ್ತಮವಾದ ಎಕ್ಕದ ಜೋಡಿ ೨೨೧ ಆಟಗಳಿಗೊಮ್ಮೆ ಬರುತ್ತದೆ. ಎದುರಾಳಿಯ ಕೈಯಲ್ಲಿ ರಾಜನ ಜೋಡಿಯಿದ್ದು ಇಬ್ಬರೂ ಇದ್ದ ಹಣವನ್ನೆಲ್ಲ ಒಡ್ಡಿದರೆಂದು ಭಾವಿಸೋಣ. ಆಗಲೂ ಎಕ್ಕದ ಜೋಡಿ ನೂರಕ್ಕೆ ಸುಮಾರು ಎಂಬತ್ತೆರಡು ಸಲ ಮಾತ್ರ ಗೆಲ್ಲುತ್ತದೆ. ಸರಿಯಾದ ನಿರ್ಣಯ ಮಾಡಿಯೂ ಸೋಲುವುದು ಇಲ್ಲಿ ನಿತ್ಯದ ಅನುಭವ.

ಇದನ್ನು ಅಂಕಿಗಳಲ್ಲಿ ನೋಡಬಹುದು. ಆಟದ ಕನಿಷ್ಠ ಪಣವನ್ನು ಒಂದು ಮಾನವೆಂದು ಕರೆಯೋಣ. ಒಬ್ಬ ಕುಶಲನು ನೂರು ಆಟಗಳಿಗೆ ಸರಾಸರಿ ಐದು ಮಾನ ಗೆಲ್ಲುವವನೆಂದೂ, ನೂರು ಆಟಗಳಲ್ಲಿ ಅವನ ಫಲಿತಾಂಶದ ಮಾನಕ ವಿಚಲನೆ ತೊಂಬತ್ತು ಮಾನವೆಂದೂ ಊಹಿಸೋಣ. ಈ ಆಟದಲ್ಲಿ ಇದು ಅಸಾಧಾರಣವಾದ ಊಹೆಯಲ್ಲ. ಹತ್ತು ಸಾವಿರ ಆಟಗಳಲ್ಲಿ ಅವನ ನಿರೀಕ್ಷಿತ ಲಾಭ ೫೦೦ ಮಾನ. ವಿಚಲನೆ ಮಾತ್ರ ೯೦೦. ಎಂದರೆ ಅಷ್ಟು ಆಟಗಳ ಕೊನೆಯಲ್ಲಿಯೂ ಅವನು ನಷ್ಟದಲ್ಲಿರುವ ಸಂಭವ ನೂರಕ್ಕೆ ಸುಮಾರು ಇಪ್ಪತ್ತೊಂಬತ್ತು. ಲಕ್ಷ ಆಟಗಳಾದ ಮೇಲೆ ಆ ಸಂಭವ ನೂರಕ್ಕೆ ನಾಲ್ಕರಷ್ಟಕ್ಕೆ ಇಳಿಯುತ್ತದೆ. ಗಂಟೆಗೆ ಮೂವತ್ತು ಆಟಗಳಂತೆ, ವಾರಕ್ಕೆ ನಲವತ್ತು ಗಂಟೆ ಕುಳಿತರೆ, ಹತ್ತು ಸಾವಿರಕ್ಕೆ ಎಂಟು ವಾರಗಳು ಬೇಕು. ಲಕ್ಷಕ್ಕೆ ಎಂಬತ್ತಮೂರು ವಾರಗಳು. ತಾನು ಕುಶಲನೋ ಅದೃಷ್ಟವಂತನೋ ಎಂಬುದನ್ನು ತಿಳಿಯಲು ಒಬ್ಬನಿಗೆ ಒಂದೂವರೆ ವರ್ಷಕ್ಕೂ ಮಿಕ್ಕಿ ಕಾಲ ಬೇಕೆಂದಾಯಿತು. ಮನೆಬಾಡಿಗೆಯನ್ನಾದರೋ ತಿಂಗಳು ತಿಂಗಳಿಗೂ ಕೊಡಬೇಕು.

ಈ ಅಂತರವನ್ನು ತುಂಬುವುದಕ್ಕೆ ಬೇಕಾದುದು ಮೂಲಧನ. ಸಂಸಾರದ ವೆಚ್ಚದ ಹಣದಿಂದ ಬೇರ್ಪಡಿಸಿ ಆಟಕ್ಕೆಂದೇ ಇಟ್ಟ ಈ ಹಣ ರೈತನ ಬಿತ್ತನೆಯ ಬೀಜದಂತೆ. ಅದನ್ನು ತಿಂದವನಿಗೆ ಮುಂದಿನ ಬೆಳೆಯಿಲ್ಲ. ಮೂಲಧನವಿಲ್ಲದವನು ಮತ್ತೊಬ್ಬನ ಹಣದಿಂದ ಆಡಿ ಲಾಭದಲ್ಲಿ ಪಾಲು ಕೊಡುವ ಪದ್ಧತಿಯೂ ಉಂಟು. ಸ್ಟೂ ಉಂಗರ್ ಎಂಬಾತನು ೧೯೮೦, ೧೯೮೧ ಮತ್ತು ೧೯೯೭ರಲ್ಲಿ ವಿಶ್ವಸರಣಿಯನ್ನು ಗೆದ್ದನು. ಮೂರನೆಯ ಸಲ ಪ್ರವೇಶಧನ ಹತ್ತು ಸಾವಿರ ಡಾಲರು ಅವನಲ್ಲಿರಲಿಲ್ಲ. ಬಿಲ್ಲಿ ಬ್ಯಾಕ್ಸ್‌ಟರ್ ಎಂಬ ಆಟಗಾರನು ಕೊಟ್ಟನು, ಗೆದ್ದ ಹತ್ತು ಲಕ್ಷ ಡಾಲರನ್ನು ಇಬ್ಬರೂ ಹಂಚಿಕೊಂಡರು. ೧೯೯೮ರ ನವೆಂಬರಿನಲ್ಲಿ ಉಂಗರ್ ಲಾಸ್ ವೇಗಾಸಿನ ಒಂದು ವಸತಿಗೃಹದಲ್ಲಿ ತನ್ನ ನಲವತ್ತೈದನೆಯ ವಯಸ್ಸಿನಲ್ಲಿ ಸತ್ತಾಗ ಅಂತ್ಯಕ್ರಿಯೆಗೆ ಸ್ನೇಹಿತರು ಹಣ ಕೂಡಿಸಬೇಕಾಯಿತು. ಮಾದಕವಸ್ತುಗಳೂ, ಪೋಕರಿನಲ್ಲಿ ಗೆದ್ದುದನ್ನು ಇತರ ಜೂಜುಗಳಲ್ಲಿ ಕಳೆಯುವ ಚಾಳಿಯೂ ಅವನನ್ನು ಮುಗಿಸಿದುವು. ಆಟದ ಕೌಶಲವೂ ವೃತ್ತಿಯ ಶಿಸ್ತೂ ಬೇರೆ ಬೇರೆ ಗುಣಗಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

೬

ವೃತ್ತಿಯೆಂಬ ಮನ್ನಣೆ ಮೊದಲು ದೊರೆತುದು ನೀತಿಶಾಸ್ತ್ರದ ಚರ್ಚೆಯಿಂದಲ್ಲ, ತೆರಿಗೆಯ ವ್ಯಾಜ್ಯದಿಂದ. ಮೇಲೆ ಹೇಳಿದ ಬ್ಯಾಕ್ಸ್‌ಟರನೇ ಅದರ ವಾದಿ. ೧೯೭೮ರಿಂದ ೧೯೮೧ರವರೆಗಿನ ಅವನ ಪೋಕರ್ ಗಳಿಕೆಯನ್ನು ಸರ್ಕಾರ ಬಡ್ಡಿಯಂತೆ ದುಡಿಯದೆ ಬಂದ ಆದಾಯವೆಂದು ಎಣಿಸಿ ಹೆಚ್ಚಿನ ದರದಲ್ಲಿ ತೆರಿಗೆ ಹಾಕಿತು. ಆಗ ದುಡಿಮೆಯ ಆದಾಯಕ್ಕೆ ನೂರಕ್ಕೆ ಐವತ್ತು ಮಿತಿಯಾಗಿದ್ದರೆ ಅಂತಹ ಆದಾಯಕ್ಕೆ ಎಪ್ಪತ್ತರವರೆಗೂ ಏರುತ್ತಿತ್ತು. ೧೯೮೬ರಲ್ಲಿ ನೆವಾಡದ ಫೆಡರಲ್ ನ್ಯಾಯಾಲಯ, ಅವನ ಕೌಶಲವಿಲ್ಲದೆ ಈ ಹಣ ಬರುತ್ತಿರಲಿಲ್ಲವಾದುದರಿಂದ ಇದು ದುಡಿಮೆಯ ಫಲವೇ ಎಂದು ತೀರ್ಪಿತ್ತಿತು. ಮರುವರ್ಷ ಗ್ರೋಟ್ಸಿಂಗರ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಗ್ರೋಟ್ಸಿಂಗರ್ ಪೋಕರಿನವನಲ್ಲ, ೧೯೭೮ರಲ್ಲಿ ಕೆಲಸ ಕಳೆದುಕೊಂಡು ವಾರಕ್ಕೆ ಅರುವತ್ತರಿಂದ ಎಂಬತ್ತು ಗಂಟೆ ನಾಯಿಪಂದ್ಯದ ಅಧ್ಯಯನದಲ್ಲಿ ತೊಡಗಿದವನು. ವರ್ಷದ ಕೊನೆಯಲ್ಲಿ ೨,೦೩೨ ಡಾಲರು ನಷ್ಟದಲ್ಲಿದ್ದನು. ಆದರೂ ಪೂರ್ಣಕಾಲ, ನಿಯಮಿತವಾಗಿ, ಜೀವನೋಪಾಯದ ಉದ್ದೇಶದಿಂದ ನಡೆಸಿದ ಕೆಲಸವಾದುದರಿಂದ ಇದು ವ್ಯವಹಾರವೇ ಎಂದು ನ್ಯಾಯಾಲಯ ಒಪ್ಪಿತು. ಗೆಲುವಲ್ಲ, ಉದ್ದೇಶ ಮತ್ತು ನೈರಂತರ್ಯ ವೃತ್ತಿಯ ಲಕ್ಷಣಗಳೆಂದು ಇದರಿಂದ ಸಿದ್ಧವಾಯಿತು.

೭

ಮೂರನೆಯ ಘಟ್ಟ ಗಣಕಯಂತ್ರದ್ದು. ಅಂತರ್ಜಾಲದಲ್ಲಿ ಹಣವಿಟ್ಟು ಪೋಕರ್ ಆಡುವುದು ೧೯೯೮ರಲ್ಲಿ ಮೊದಲಾಯಿತು. ೨೦೦೩ರಲ್ಲಿ ಟೆನ್ನೆಸಿಯ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರಗಳ ನೌಕರನು ಅಂತರ್ಜಾಲದ ಒಂದು ಸಣ್ಣ ಪಂದ್ಯದಲ್ಲಿ ಗೆದ್ದು ವಿಶ್ವಸರಣಿಗೆ ಪ್ರವೇಶ ಪಡೆದು, ೮೩೯ ಜನರ ನಡುವೆ ಪ್ರಥಮನಾಗಿ ೨೫ ಲಕ್ಷ ಡಾಲರು ಗಳಿಸಿದನು. ೨೦೦೬ರ ಹೊತ್ತಿಗೆ ಸ್ಪರ್ಧಿಗಳ ಸಂಖ್ಯೆ ೮,೭೭೩ಕ್ಕೆ ಏರಿತು. ಅಂತರ್ಜಾಲದ ಆಟಗಾರನು ಒಟ್ಟಿಗೆ ನಾಲ್ಕು ಮೇಜುಗಳಲ್ಲಿ ಆಡಬಲ್ಲನು. ಒಂದೊಂದರಲ್ಲಿ ಗಂಟೆಗೆ ಎಪ್ಪತ್ತೈದು ಆಟಗಳೆಂದರೆ, ಹಿಂದೆ ಎಂಬತ್ತಮೂರು ವಾರ ಹಿಡಿಯುತ್ತಿದ್ದ ಲಕ್ಷ ಆಟಗಳು ಎಂಟೇ ವಾರಗಳಲ್ಲಿ ಮುಗಿಯುತ್ತವೆ. ಕೌಶಲದ ಫಲ ಬೇಗ ಕೈಗೆ ಬಂದಿತು. ಆದರೆ ಅದೇ ವೇಗದಲ್ಲಿ ಸೋಲುವವನ ಹಣವೂ ಬರಿದಾಯಿತು. ಉಳಿದವರೆಲ್ಲರೂ ಕಲಿತವರೇ ಆದರು.

ಈ ಆದಾಯ ಎಷ್ಟು ಪರಾಧೀನವೆಂಬುದು ೨೦೧೧ರ ಏಪ್ರಿಲ್ ೧೫ರಂದು ತಿಳಿದುಬಂತು. ಆ ದಿನ ಅಮೆರಿಕದ ನ್ಯಾಯಾಂಗ ಇಲಾಖೆ ಮೂರು ದೊಡ್ಡ ಪೋಕರ್ ತಾಣಗಳ ಮೇಲಿನ ಆರೋಪಪಟ್ಟಿಯನ್ನು ಬಹಿರಂಗಪಡಿಸಿತು. ಅವುಗಳ ಬಾಗಿಲು ಅಮೆರಿಕನರಿಗೆ ಮುಚ್ಚಿತು. ಬೆಳಗ್ಗೆ ಉದ್ಯೋಗವಿದ್ದವರಿಗೆ ಸಂಜೆಗೆ ಇಲ್ಲವಾಯಿತು. ಕೆಲವರು ಮೇಜನ್ನು ಹುಡುಕಿಕೊಂಡು ಕೆನಡ, ಮೆಕ್ಸಿಕೊಗಳಿಗೆ ವಲಸೆಹೋದರು. ಫುಲ್ ಟಿಲ್ಟ್ ಎಂಬ ತಾಣ ಆಟಗಾರರಿಗೆ ಸುಮಾರು ೩೯ ಕೋಟಿ ಡಾಲರು ಕೊಡಬೇಕಾಗಿದ್ದು ಬ್ಯಾಂಕಿನಲ್ಲಿ ಸುಮಾರು ೬ ಕೋಟಿ ಮಾತ್ರ ಇಟ್ಟಿತ್ತೆಂದು ಸರ್ಕಾರದ ವಕೀಲರು ಅದೇ ವರ್ಷ ನ್ಯಾಯಾಲಯಕ್ಕೆ ತಿಳಿಸಿದರು. ಅಮೆರಿಕದ ಆಟಗಾರರಿಗೆ ಹಣ ಹಿಂದಿರುಗಲು ಮೊದಲಾದುದು ೨೦೧೪ರಲ್ಲಿ.

೨೦೧೭ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಗಣಕದ ಕಾರ್ಯಕ್ರಮ ನಾಲ್ವರು ನುರಿತ ಆಟಗಾರರನ್ನು ೧,೨೦,೦೦೦ ಆಟಗಳಲ್ಲಿ ಸೋಲಿಸಿತು. ಸರಿಯಾದ ನಡೆಯನ್ನು ಗಣಿಸಿ ಹೇಳುವ ಸಾಧನಗಳು ಈಗ ಎಲ್ಲರಿಗೂ ದೊರೆಯುತ್ತವೆ. ವೃತ್ತಿಯ ರಹಸ್ಯವೆಂಬುದು ಹೀಗೆ ಪಠ್ಯವಸ್ತುವಾಯಿತು. ಕಲಿಯಬೇಕಾದುದು ಹೆಚ್ಚಿ ಉಳಿಯುವ ಲಾಭ ತೆಳುವಾಯಿತು.

೮

ನಮ್ಮ ದೇಶದಲ್ಲಿ ಈ ಚರ್ಚೆ ಬೇರೊಂದು ಜಾಡಿನಲ್ಲಿ ನಡೆಯಿತು. ಅಮೆರಿಕದ ನ್ಯಾಯಾಲಯಗಳು ‘ಇದು ಜೀವನೋಪಾಯವೆ?’ ಎಂದು ಕೇಳಿದರೆ ನಮ್ಮವು ‘ಇದು ಕೌಶಲವೊ, ಅದೃಷ್ಟವೊ?’ ಎಂದು ಕೇಳಿದುವು. ೧೯೫೭ರ ಚಮರ್‌ಬಾಗ್‌ವಾಲ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿದ ಸ್ಪರ್ಧೆಗಳು ಜೂಜಲ್ಲವೆಂದಿತು. ೧೯೬೭ರಲ್ಲಿ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. ಕರ್ನಾಟಕದ ೧೯೬೩ರ ಪೋಲೀಸ್ ಅಧಿನಿಯಮವೂ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. ಪೋಕರಿನ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ: ಗುಜರಾತಿನ ಉಚ್ಚ ನ್ಯಾಯಾಲಯ ೨೦೧೭ರಲ್ಲಿ ಅದನ್ನು ಜೂಜೆಂದೇ ಎಣಿಸಿತು. ೨೦೨೧ರಲ್ಲಿ ಕರ್ನಾಟಕ ತನ್ನ ಅಧಿನಿಯಮವನ್ನು ತಿದ್ದಿ, ಹಣವಿಟ್ಟು ಅಂತರ್ಜಾಲದಲ್ಲಿ ಆಡುವುದನ್ನು ಕೌಶಲದ ಭೇದವೆಣಿಸದೆ ನಿಷೇಧಿಸಿತು. ೨೦೨೨ರ ಫೆಬ್ರವರಿ ೧೪ರಂದು ಕರ್ನಾಟಕದ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನು ಅಂಗೀಕರಿಸಿತು; ಕೌಶಲವಿರಲಿ ಅದೃಷ್ಟವಿರಲಿ, ಹಣ ಪಣವಾಗಿರುವ ಅಂತರ್ಜಾಲದ ಆಟಗಳನ್ನು ಒದಗಿಸುವುದನ್ನು ಅದು ನಿಷೇಧಿಸುತ್ತದೆ. ಶಿಕ್ಷೆ ನಡೆಸುವವರಿಗೆ, ಆಡುವವರಿಗಲ್ಲ. ದೊಡ್ಡ ಸಂಸ್ಥೆಗಳು ಅದೇ ತಿಂಗಳು ಹಣದಾಟವನ್ನು ನಿಲ್ಲಿಸಿದುವು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಈ ಕಾನೂನನ್ನು ಪ್ರಶ್ನಿಸಿದ ಅರ್ಜಿ ಸಲ್ಲಿತು. ಸೆಪ್ಟೆಂಬರಿನಲ್ಲಿ ಅಂತಹ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ ತನ್ನ ಬಳಿಗೆ ತರಿಸಿಕೊಂಡಿತು.

ಕೌಶಲವೊ ಅದೃಷ್ಟವೊ ಎಂಬ ಪ್ರಶ್ನೆಗೆ ಮೇಲಿನ ಲೆಕ್ಕ ಒಂದು ಉತ್ತರ ಸೂಚಿಸುತ್ತದೆ. ಉತ್ತರ ಆಟದಲ್ಲಿಲ್ಲ, ಕಾಲದ ಅವಧಿಯಲ್ಲಿದೆ. ಒಂದು ಸಂಜೆಯ ಮಟ್ಟಿಗೆ ಪೋಕರ್ ಬಹುಪಾಲು ಅದೃಷ್ಟ. ಲಕ್ಷ ಆಟಗಳ ಮಟ್ಟಿಗೆ ಬಹುಪಾಲು ಕೌಶಲ. ಒಂದೇ ಮೇಜಿನಲ್ಲಿ ಕುಳಿತ ಇಬ್ಬರಲ್ಲಿ ವಾರಕ್ಕೊಮ್ಮೆ ಬರುವವನು ಅದೃಷ್ಟದ ಆಟವನ್ನೂ ನಿತ್ಯ ಬರುವವನು ಕೌಶಲದ ಆಟವನ್ನೂ ಆಡುತ್ತಿರುತ್ತಾರೆ. ಹಿಂದಿನ ತೀರ್ಪುಗಳು ಪರಸ್ಪರ ವಿರುದ್ಧವಾಗಿ ಕಾಣುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

೯

ಇಲ್ಲಿಯವರೆಗೆ ಹೇಳಿದುದನ್ನು ಕ್ರೋಡೀಕರಿಸಬಹುದು. ಪೋಕರ್ ವೃತ್ತಿಯಾದುದು ಮೂರು ಆಧಾರಗಳ ಮೇಲೆ: ನ್ಯಾಯವಾದ ಆಟಕ್ಕೆ ಹೊಣೆಯಾದ ಅಡ್ಡೆ, ಗಣಿಸಬಹುದಾದ ವಿದ್ಯೆ, ಕಾನೂನಿನ ಮನ್ನಣೆ. ಈ ಮೂರೂ ಆಟಗಾರನ ಕೈಯಲ್ಲಿಲ್ಲ. ಅಡ್ಡೆ ದಿವಾಳಿಯಾಗಬಹುದು, ವಿದ್ಯೆ ಸರ್ವರ ಸ್ವತ್ತಾಗಬಹುದು, ಕಾನೂನು ಒಂದು ದಿನದಲ್ಲಿ ಬದಲಾಗಬಹುದು. ಮೂರೂ ಆದುದನ್ನು ನೋಡಿದೆವು. ಇವುಗಳಿಗೆಲ್ಲ ಕೆಳಗೆ ನಾಲ್ಕನೆಯ ಆಧಾರವೊಂದಿದೆ: ಸೋಲುವವನು. ನೇಯ್ಗೆಯವನು ಬಟ್ಟೆ ಕೊಟ್ಟು ಹಣ ಪಡೆಯುತ್ತಾನೆ. ವೈದ್ಯನು ಚಿಕಿತ್ಸೆ ಕೊಟ್ಟು ಪಡೆಯುತ್ತಾನೆ. ಪೋಕರಿನವನ ಪ್ರತಿ ಡಾಲರಿಗೂ ಮತ್ತೊಬ್ಬನ ಒಂದು ಡಾಲರಿಗಿಂತ ಹೆಚ್ಚು ಹಣ ಹೋಗಿರಬೇಕು, ಏಕೆಂದರೆ ನಡುವೆ ಅಡ್ಡೆಯ ಪಾಲಿದೆ. ಸೋತವನು ವಿನೋದಕ್ಕಾಗಿ, ತನ್ನ ಶಕ್ತಿಯೊಳಗೆ ಕಳೆದಿದ್ದರೆ ಅದನ್ನು ನಾಟಕದ ಚೀಟಿಯ ಬೆಲೆಯಂತೆ ಎಣಿಸಬಹುದು. ಸಾಲಮಾಡಿ ಕಳೆದಿದ್ದರೆ ಹಾಗೆ ಎಣಿಸಲಾಗದು. ಮೇಜಿನ ಈಚೆ ಕುಳಿತವನಿಗೆ ಈ ಎರಡು ಬಗೆಯ ಹಣದ ಭೇದ ಕಾಣುವುದಿಲ್ಲ. ಕಾಣಬೇಕೆಂಬ ನಿಯಮವೂ ಅವನ ವೃತ್ತಿಯಲ್ಲಿಲ್ಲ.

ಚರಿತ್ರಕಾರನು ಇನ್ನೊಂದು ಎಚ್ಚರಿಕೆಯನ್ನೂ ವಹಿಸಬೇಕಾಗಿದೆ. ಈ ವೃತ್ತಿಯ ಬಗ್ಗೆ ನಮಗೆ ದೊರೆಯುವ ಆಕರಗಳು ಬಹುಮಟ್ಟಿಗೆ ಉಳಿದವರ ಬರಹಗಳು. ಡಿವೋಲ್ ಬರೆದನು, ಪ್ರೆಸ್ಟನ್ ಬರೆದನು, ಬ್ರನ್ಸನ್ ಬರೆದನು. ಬ್ರನ್ಸನ್ ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಹೊಸ ತಲೆಮಾರು ಅವನನ್ನು ಗುರುವೆಂದು ಗೌರವಿಸಿತು. ಆದರೆ ಎಂಟು ವಾರ ಆಡಿ, ಬಾಡಿಗೆ ಕೊಡಲಾರದೆ, ಹಿಂದಿನ ಕೆಲಸಕ್ಕೆ ಮರಳಿದವನು ಗ್ರಂಥ ಬರೆಯುವುದಿಲ್ಲ. ಅವನು ಕುಶಲನಾಗಿದ್ದನೊ ಇಲ್ಲವೊ ಎಂಬುದು ಅವನಿಗೂ ತಿಳಿಯದು. ಇಂದು ನಮ್ಮ ಪದವೀಧರರಲ್ಲಿ ಯಾರಾದರೂ ಈ ಕಸಬನ್ನು ಯೋಚಿಸುವುದಾದರೆ ಅವರ ಕೈಗೆ ಮೊದಲು ಬರುವುದು ಗೆದ್ದವರ ಕಥೆಗಳೇ. ಜೂಜುಕಟ್ಟೆಯಿಂದ ಓಡಿಬಂದ ಸಂವಾಹಕನಿಗೆ ಒಬ್ಬ ಶೂದ್ರಕನಾದರೂ ದೊರೆತನು. ನಮ್ಮ ಕಾಲದ ದ್ಯೂತೋಪಜೀವಿಗಳಲ್ಲಿ ಸೋತವರ ಚರಿತ್ರೆ ಇನ್ನು ಬರೆಯಬೇಕಾದ ಕೆಲಸವಾಗಿಯೇ ಉಳಿದಿದೆ. ಅದಾಗುವವರೆಗೆ ಈ ವೃತ್ತಿಯ ಫಲಾಫಲಗಳನ್ನು ಕುರಿತ ಯಾವ ನಿರ್ಣಯವನ್ನೂ ಪೂರ್ಣವೆಂದು ಹೇಳಲಾಗದು.